ಒಂಬತ್ತು ಅಪರಿಚಿತರ ನಡುವೆ ಒಬ್ಬ

ಐದೈದು ಜನರ ಆನ್‌ಲೈನ್ ಆಟ ಆಡುವ ಯಾರನ್ನೇ ಕೇಳಿ, ರ‍್ಯಾಂಕ್ ಯಾಕೆ ಏರುತ್ತಿಲ್ಲ ಎಂಬುದಕ್ಕೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ: ‘ನನ್ನ ಟೀಮೇ ಸರಿ ಇಲ್ಲ.’ ಒಬ್ಬ ಮೈಕ್ ಆನ್ ಮಾಡಲ್ಲ, ಇನ್ನೊಬ್ಬ ಹೇಳಿದ್ದು ಕೇಳಲ್ಲ, ಮತ್ತೊಬ್ಬ ಅರ್ಧಕ್ಕೇ ಬಿಟ್ಟು ಹೋಗುತ್ತಾನೆ. ದೂರು ಸುಳ್ಳಲ್ಲ. ಸೋಲೋ ಕ್ಯೂನಲ್ಲಿ, ಅಂದರೆ ಗೆಳೆಯರಿಲ್ಲದೆ ಒಬ್ಬಂಟಿಯಾಗಿ ಪಂದ್ಯ ಹುಡುಕಿಕೊಂಡು ಹೋದವರಿಗೆ, ಇಂಥವರು ದಿನವೂ ಸಿಗುತ್ತಾರೆ.

ಆದರೆ ಇದೇ ದೂರನ್ನು ಲೆಕ್ಕಕ್ಕೆ ಇಳಿಸಿ ನೋಡಿ. ಪಂದ್ಯದಲ್ಲಿರುವುದು ಹತ್ತು ಮಂದಿ. ನಿಮ್ಮನ್ನು ಬಿಟ್ಟರೆ ಒಂಬತ್ತು. ಅವರಲ್ಲಿ ನಾಲ್ವರು ನಿಮ್ಮ ಕಡೆ, ಐವರು ಎದುರು ಕಡೆ. ಆಟ ಕೆಡಿಸುವವನು ಆ ಒಂಬತ್ತರಲ್ಲಿ ಯಾರು ಬೇಕಾದರೂ ಆಗಿರಬಹುದು ಎಂದುಕೊಂಡರೆ, ಅವನು ಎದುರು ತಂಡದಲ್ಲಿರುವ ಸಾಧ್ಯತೆ ಒಂಬತ್ತರಲ್ಲಿ ಐದು, ನಿಮ್ಮ ತಂಡದಲ್ಲಿರುವ ಸಾಧ್ಯತೆ ಒಂಬತ್ತರಲ್ಲಿ ನಾಲ್ಕು. ನೀವು ಕೆಡಿಸದಿದ್ದರೆ ಸಾಕು, ಪಂದ್ಯಗಳು ಹೆಚ್ಚಿದಂತೆ ಕೆಟ್ಟ ಆಟಗಾರರಿಂದ ನಷ್ಟಕ್ಕಿಂತ ಲಾಭವೇ ಹೆಚ್ಚು. ಹೀಗಿದ್ದೂ ರ‍್ಯಾಂಕ್ ನಿಂತಲ್ಲೇ ನಿಂತಿದೆ ಎಂದರೆ ಕಾರಣವನ್ನು ಆ ನಾಲ್ವರಲ್ಲಿ ಹುಡುಕಿ ಫಲವಿಲ್ಲ. ನಾಳೆ ಅವರು ಇರುವುದಿಲ್ಲ. ನಾಳೆಯ ಪಂದ್ಯದಲ್ಲೂ ಇರುವವರು ನೀವೊಬ್ಬರೇ.

ಇದು ಕಹಿ ಮಾತು ಅನ್ನಿಸಬಹುದು. ನನಗೆ ಮಾತ್ರ ಇದರಲ್ಲಿ ದೊಡ್ಡ ಭರವಸೆ ಕಾಣುತ್ತದೆ. ಅಪರಿಚಿತರನ್ನು ತಿದ್ದುವುದು ಯಾರಿಂದಲೂ ಆಗದು. ತನ್ನ ಆಟವನ್ನು ತಿದ್ದಿಕೊಳ್ಳುವುದು ಎಲ್ಲರಿಂದಲೂ ಆಗುತ್ತದೆ.

ಸಂಖ್ಯೆಯ ಹಿಂದಿನ ಲೆಕ್ಕ

ರ‍್ಯಾಂಕ್ ಲೆಕ್ಕದ ಮೂಲ ಇರುವುದು ಚೆಸ್‌ನಲ್ಲಿ. ಹಂಗೆರಿಯಲ್ಲಿ ಹುಟ್ಟಿ, ಅಮೆರಿಕದ ಮಿಲ್ವಾಕಿಯ ಮಾರ್ಕ್ವೆಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಆರ್ಪಾಡ್ ಈಲೋ ರೂಪಿಸಿದ ಪದ್ಧತಿಯನ್ನು ಅಮೆರಿಕದ ಚೆಸ್ ಫೆಡರೇಷನ್ 1960ರಲ್ಲಿ, ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡವು. ಅದರ ತಿರುಳು ಸರಳ. ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ, ಮೇಲಿನವನು ಸುಮಾರು ಶೇ 76ರಷ್ಟು ಫಲ ಪಡೆಯಬೇಕು. 400 ಇದ್ದರೆ ಶೇ 91. ನಿರೀಕ್ಷೆಗಿಂತ ಹೆಚ್ಚು ಗೆದ್ದವರ ಸಂಖ್ಯೆ ಏರುತ್ತದೆ, ಕಡಿಮೆ ಗೆದ್ದವರದು ಇಳಿಯುತ್ತದೆ. ಬಲಶಾಲಿಯನ್ನು ಸೋಲಿಸಿದರೆ ಹೆಚ್ಚು ಅಂಕ, ದುರ್ಬಲನನ್ನು ಸೋಲಿಸಿದರೆ ಕಡಿಮೆ.

ಚೆಸ್‌ನಲ್ಲಿ ಸೋತವನು ಯಾರೆಂದು ಗೊತ್ತು. ಐವರು ಸೇರಿ ಸೋತರೆ ತಪ್ಪು ಯಾರದು? ಈ ತೊಡಕನ್ನು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಮೈಕ್ರೋಸಾಫ್ಟ್ ಪ್ರಯೋಗಾಲಯದ ರಾಲ್ಫ್ ಹೆರ್ಬ್ರಿಷ್, ಟಾಮ್ ಮಿಂಕಾ ಮತ್ತು ಥೋರೆ ಗ್ರೇಪೆಲ್ ಕೈಗೆತ್ತಿಕೊಂಡರು. ಎಕ್ಸ್‌ಬಾಕ್ಸ್‌ನ ಆಟಗಳಿಗಾಗಿ ಅವರು ಕಟ್ಟಿದ ‘ಟ್ರೂಸ್ಕಿಲ್’ ಪದ್ಧತಿಯ ಪ್ರಬಂಧ 2006ರದು. ಅದರಲ್ಲಿ ಪ್ರತಿ ಆಟಗಾರನಿಗೆ ಎರಡು ಸಂಖ್ಯೆಗಳು: ಒಂದು ಅವನ ಸಾಮರ್ಥ್ಯದ ಅಂದಾಜು, ಇನ್ನೊಂದು ಆ ಅಂದಾಜಿನಲ್ಲಿರುವ ಅನುಮಾನ. ಹೊಸಬನಿಗೆ ಅಂದಾಜು 25, ಅನುಮಾನ ಅದರ ಮೂರನೇ ಒಂದು ಪಾಲು. ಪರದೆಯ ಮೇಲೆ ತೋರಿಸುವುದು ಅಂದಾಜಿನಿಂದ ಅನುಮಾನದ ಮೂರು ಪಟ್ಟು ಕಳೆದ ಸಂಖ್ಯೆಯನ್ನು. ಹಾಗಾಗಿ ಹೊಸಬರೆಲ್ಲ ಸೊನ್ನೆಯಿಂದ ಶುರು. ಆಡುತ್ತ ಹೋದಂತೆ ಅನುಮಾನ ಕರಗುತ್ತದೆ. ತಂಡದ ಬಲವೆಂದರೆ ಸದಸ್ಯರ ಬಲದ ಮೊತ್ತ. ಒಂದೊಂದು ಪಂದ್ಯದಲ್ಲಿ ತಪ್ಪು ಯಾರದೆಂದು ಹುಡುಕುವ ಗೋಜಿಗೇ ಅದು ಹೋಗುವುದಿಲ್ಲ. ಬೇರೆ ಬೇರೆ ಜೊತೆಗಾರರೊಂದಿಗೆ ಹಲವಾರು ಪಂದ್ಯ ಆಡಿದ ಮೇಲೆ ಎಲ್ಲದರಲ್ಲೂ ಉಳಿಯುವುದು ಯಾರ ಪ್ರಭಾವ ಎಂಬುದು ತಾನಾಗಿಯೇ ಬಯಲಾಗುತ್ತದೆ.

ಇಂದಿನ ದೊಡ್ಡ ಆಟಗಳಲ್ಲಿ ಹಲವು ಈ ಜಾಡಿನಲ್ಲೇ ನಡೆದಿವೆ. ವಾಲ್ವ್ ಕಂಪನಿಯ ‘ಡೋಟಾ 2’ 2013ರ ಡಿಸೆಂಬರ್‌ನಲ್ಲಿ ಸಾಮರ್ಥ್ಯದ ಅಂದಾಜಾದ ಎಂಎಂಆರ್ ಎಂಬ ಸಂಖ್ಯೆಯನ್ನು ಆಟಗಾರರ ಕಣ್ಣಿಗೆ ಬಿಟ್ಟಿತು. 2017ರಲ್ಲಿ ಅದರ ಮೇಲೆ ಪದಕಗಳು ಬಂದವು; ಈಗ ಅವು ಹೆರಾಲ್ಡ್‌ನಿಂದ ಇಮ್ಮಾರ್ಟಲ್‌ವರೆಗಿವೆ. 2020ರ ಜೂನ್‌ನಲ್ಲಿ ಬಿಡುಗಡೆಯಾದ ರಾಯಟ್ ಕಂಪನಿಯ ‘ವ್ಯಾಲರಂಟ್’ನಲ್ಲಿ ಐರನ್‌ನಿಂದ ರೇಡಿಯಂಟ್‌ವರೆಗೆ ಮೆಟ್ಟಿಲುಗಳಿವೆ. ಅಲ್ಲಿ ಕಾಣುವ ರ‍್ಯಾಂಕ್ ಬೇರೆ, ಪಂದ್ಯ ಜೋಡಿಸಲು ಬಳಸುವ ಗುಪ್ತ ಎಂಎಂಆರ್ ಬೇರೆ. ‘ಗೆದ್ದರೆ ಕಡಿಮೆ ಕೊಡ್ತಾರೆ, ಸೋತರೆ ಜಾಸ್ತಿ ಕಿತ್ಕೋತಾರೆ’ ಎಂಬ ಗೊಣಗಾಟಕ್ಕೆ ಮೂಲ ಇದೇ. ಕಾಣುವ ರ‍್ಯಾಂಕ್ ಗುಪ್ತ ಅಂದಾಜಿಗಿಂತ ಮೇಲಿದ್ದರೆ ಅಂಕಗಳು ಹಾಗೆ ಬೀಳುತ್ತವೆ.

ಇನ್ನೊಂದು ಗೊಣಗಾಟ ‘ಫೋರ್ಸ್ಡ್ ಫಿಫ್ಟಿ’ಯದು. ನಾಲ್ಕು ಗೆದ್ದೊಡನೆ ಆಟವೇ ಬೇಕೆಂದು ದಡ್ಡ ತಂಡ ಕೊಟ್ಟು ಸೋಲಿಸುತ್ತದೆ ಎಂಬ ನಂಬಿಕೆ. ಸಮಬಲರನ್ನು ಎದುರುಬದುರು ನಿಲ್ಲಿಸುವ ಯಾವ ಏರ್ಪಾಡಿನಲ್ಲೂ ಗೆಲುವು ಅರ್ಧಕ್ಕರ್ಧದ ಸುತ್ತ ಸುಳಿಯುತ್ತದೆ. ಅದಕ್ಕೆ ಒಳಸಂಚು ಬೇಕಿಲ್ಲ.

ಏರಿಕೆ ಎಷ್ಟು ನಿಧಾನ ಎಂಬುದನ್ನೂ ಸಂಖ್ಯೆಯಲ್ಲೇ ಹೇಳಬೇಕು. ಡೋಟಾದಲ್ಲಿ ಒಂದು ಗೆಲುವಿಗೆ ಸುಮಾರು 25 ಅಂಕ. ಪದಕದೊಳಗಿನ ಒಂದೊಂದು ನಕ್ಷತ್ರದ ನಡುವೆ ಸುಮಾರು 150. ನೂರರಲ್ಲಿ 53 ಗೆಲ್ಲುವವನು ತನ್ನ ಮಟ್ಟಕ್ಕಿಂತ ನಿಜಕ್ಕೂ ಉತ್ತಮ ಆಟಗಾರ. ಅವನಿಗೆ ನೂರು ಪಂದ್ಯಗಳಲ್ಲಿ ದಕ್ಕುವುದು ಆರು ಗೆಲುವಿನ ಮುನ್ನಡೆ, ಅಂದರೆ ಒಂದೇ ಒಂದು ನಕ್ಷತ್ರ. ಪಂದ್ಯಕ್ಕೆ 40 ನಿಮಿಷವೆಂದರೂ 66 ಗಂಟೆ ದಾಟುತ್ತದೆ. ಸಾಲದ್ದಕ್ಕೆ ನೂರು ಪಂದ್ಯಗಳಲ್ಲಿ ಬರೀ ಅದೃಷ್ಟದಿಂದಲೇ ಐದಾರು ಗೆಲುವು ಹೆಚ್ಚು ಕಡಿಮೆಯಾಗುವುದು ತೀರಾ ಸಾಮಾನ್ಯ. ಸರಿಸಮ ಸಾಮರ್ಥ್ಯದವನೂ ನೂರು ಪಂದ್ಯ ಆಡುವುದರೊಳಗೆ ಒಮ್ಮೆಯಾದರೂ ಸತತ ಐದು ಸೋಲು ಕಾಣುವ ಸಾಧ್ಯತೆ ಸುಮಾರು ಶೇ 81. ಹಾಗಾಗಿ ಒಂದು ವಾರದ ಏರಿಳಿತ ನಿಮ್ಮ ಆಟದ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದರೆ ಸತತ ಸೋಲಿನ ನಡುವೆ ‘ಇದೊಂದು ಗೆದ್ದು ಮಲಗ್ತೀನಿ’ ಎಂದು ರಾತ್ರಿ ಎರಡಕ್ಕೆ ಮತ್ತೆ ಕ್ಯೂ ಒತ್ತುವವನು ಬರೀ ಅದೃಷ್ಟದ ಸೋಲಿಗೆ ನಿಜವಾದ ಸೋಲನ್ನು ಸೇರಿಸಿಕೊಳ್ಳುತ್ತಾನೆ. ಆಟಗಾರರು ಇದನ್ನು ‘ಟಿಲ್ಟ್’ ಎನ್ನುತ್ತಾರೆ: ಸಿಟ್ಟಿನಲ್ಲಿ ಆತುರದ ಆಟ, ಆತುರದಲ್ಲಿ ಇನ್ನಷ್ಟು ಸಿಟ್ಟು. ಎರಡು ಸೋತರೆ ಎದ್ದುಬಿಡುವುದು ಎಂಬ ಹಳಬರ ಕಟ್ಟಳೆಯಲ್ಲಿ ಬಹಳ ಅರ್ಥವಿದೆ.

ಏಳು ಸೆಕೆಂಡು, 1900 ಕ್ರೆಡಿಟ್

ಹಾಗಾದರೆ ಕಲಿಯಬೇಕಾದದ್ದೇನು? ಹೊಸಬರು ಮೊದಲು ಹೇಳುವುದು ‘ಏಮ್’, ಗುರಿ. ಗುರಿ ಬೇಕು. ಆದರೆ ಒಂದು ಮಟ್ಟ ದಾಟಿದ ಮೇಲೆ ಸೋಲಿಸುವುದು ಗುರಿಯಲ್ಲ, ತೀರ್ಮಾನ. ವ್ಯಾಲರಂಟ್‌ನ ಒಂದು ಸುತ್ತನ್ನೇ ತೆಗೆದುಕೊಳ್ಳಿ. ದಾಳಿ ತಂಡ ‘ಸ್ಪೈಕ್’ ಎಂಬ ಬಾಂಬನ್ನು ನೆಟ್ಟರೆ ಅದು 45 ಸೆಕೆಂಡುಗಳಲ್ಲಿ ಸಿಡಿಯುತ್ತದೆ. ಅದನ್ನು ನಿಷ್ಕ್ರಿಯಗೊಳಿಸಲು ರಕ್ಷಕರಿಗೆ 7 ಸೆಕೆಂಡು ಬೇಕು. ಮೂರೂವರೆ ಸೆಕೆಂಡು ಮುಗಿಸಿ ಬಿಟ್ಟರೆ ಅರ್ಧ ಕೆಲಸ ಹಾಗೇ ಉಳಿಯುತ್ತದೆ. ನೆಟ್ಟ ಕ್ಷಣದಿಂದ ಗಡಿಯಾರ ದಾಳಿಕೋರರ ಕಡೆಗಿದೆ. ಅವರು ಯಾರನ್ನೂ ಕೊಲ್ಲಬೇಕಿಲ್ಲ, ಹೊತ್ತು ಕಳೆದರೆ ಸಾಕು. ಸಿಡಿಯಲು ಏಳು ಸೆಕೆಂಡಿಗಿಂತ ಕಡಿಮೆ ಉಳಿದು, ಎದುರಾಳಿ ಇನ್ನೂ ಕೈ ಹಚ್ಚದಿದ್ದರೆ ಸುತ್ತು ಗೆದ್ದಂತೆಯೇ. ಆದರೂ ಕೆಳಗಿನ ರ‍್ಯಾಂಕ್‌ಗಳಲ್ಲಿ ಸ್ಪೈಕ್ ನೆಟ್ಟವರು ಮರೆಯಿಂದ ಒಬ್ಬೊಬ್ಬರಾಗಿ ಇಣುಕಿ ಸಾಯುತ್ತಾರೆ. ಗೆದ್ದ ಸುತ್ತನ್ನು ತಾವೇ ಕೈಯಾರೆ ಕೊಡುತ್ತಾರೆ. ಈ ಒಂದು ಅಭ್ಯಾಸ ಬಿಟ್ಟರೆ ಪಂದ್ಯಕ್ಕೊಂದು ಸುತ್ತಾದರೂ ಉಳಿಯುತ್ತದೆ. 13 ಸುತ್ತು ಮೊದಲು ಗೆದ್ದವರಿಗೇ ಪಂದ್ಯ ಎಂಬ ಆಟದಲ್ಲಿ ಒಂದು ಸುತ್ತು ಚಿಕ್ಕದಲ್ಲ.

ದುಡ್ಡಿನ ಲೆಕ್ಕವೂ ಹೀಗೆಯೇ. ಮೊದಲ ಸುತ್ತಿಗೆ ಪ್ರತಿಯೊಬ್ಬರಿಗೂ 800 ಕ್ರೆಡಿಟ್. ಸೋತರೆ 1900, ಮತ್ತೆ ಸೋತರೆ 2400, ಮೂರನೆಯ ಸಲ 2900. ಒಳ್ಳೆಯ ಬಂದೂಕು, ಅದು ವ್ಯಾಂಡಲ್ ಇರಲಿ ಫ್ಯಾಂಟಮ್ ಇರಲಿ, 2900. ಪೂರ್ತಿ ಕವಚ 1000. ಎರಡೂ ಸೇರಿ 3900. ಮೊದಲ ಸುತ್ತು ಸೋತ ತಂಡ ಎರಡನೆಯದರಲ್ಲಿ ಕೈ ಬಿಗಿಹಿಡಿದು 1900 ಉಳಿಸಿಕೊಂಡರೆ, ಅದನ್ನು ಸೋತರೂ ಮೂರನೆಯದಕ್ಕೆ 4300 ಇರುತ್ತದೆ. ಐವರೂ ಸಜ್ಜಾಗಿ ಇಳಿಯಬಹುದು. ಸಿಟ್ಟಿಗೆ ಎಲ್ಲ ಖರ್ಚು ಮಾಡಿ ಸೋತವರ ಕೈಯಲ್ಲಿ ಉಳಿಯುವುದು 2400. ಇಲ್ಲಿ ತಪ್ಪಾಗುವುದು ಉಳಿಸುವುದರಲ್ಲೂ ಅಲ್ಲ, ಖರ್ಚು ಮಾಡುವುದರಲ್ಲೂ ಅಲ್ಲ; ಇಬ್ಬರು ಉಳಿಸಿ ಮೂವರು ಖರ್ಚು ಮಾಡುವುದರಲ್ಲಿ. ಉಳಿದ ನಾಲ್ವರು ಸೇರಿ ತಪ್ಪು ಆರಿಸಿಕೊಂಡರೂ ಅವರ ಜೊತೆಗೇ ಹೋಗುವುದು, ಒಬ್ಬನೇ ಸರಿಯಾಗಿರುವುದಕ್ಕಿಂತ ಎಷ್ಟೋ ಸಲ ಒಳ್ಳೆಯದು. ಬಹಳ ಮಂದಿಗೆ ಇದು ಅರ್ಥವಾಗುವಾಗ ತಡವಾಗಿರುತ್ತದೆ.

‘ಟ್ರೇಡ್’ ಎಂಬುದು ಇನ್ನೊಂದು. ಮುಂದೆ ಹೋದವನು ಸತ್ತರೆ, ಕೊಂದವನನ್ನು ಒಂದೆರಡು ಸೆಕೆಂಡಿನೊಳಗೆ ಹಿಂದಿನವನು ಹೊಡೆಯಬೇಕು. ಕಬಡ್ಡಿಯಲ್ಲಿ ಒಬ್ಬ ರೈಡರ್‌ನ ಕಾಲು ಹಿಡಿದ ಗಳಿಗೆಯಲ್ಲೇ ಪಕ್ಕದವನ ಸರಪಳಿ ಮುಚ್ಚಿಕೊಳ್ಳದಿದ್ದರೆ ಹಿಡಿದವನೇ ಔಟ್ ಆಗುವಂತೆ, ಇಲ್ಲೂ ಹಿಂದಿನವನ ಅಂತರವೇ ಎಲ್ಲ. ಐದಕ್ಕೆ ನಾಲ್ಕಾದ ಸುತ್ತು ವಾಲುತ್ತದೆ. ನಾಲ್ಕಕ್ಕೆ ನಾಲ್ಕಾದದ್ದು ಇನ್ನೂ ಸಮ. ಸಾಯಲೇಬೇಕಾದರೆ ಜೊತೆಗಾರ ಸೇಡು ತೀರಿಸಿಕೊಳ್ಳಬಲ್ಲ ಜಾಗದಲ್ಲಿ ಸಾಯಬೇಕು. ಅಂಕಪಟ್ಟಿಯಲ್ಲಿ ಇದು ಕಾಣುವುದಿಲ್ಲ.

ಡೋಟಾದಲ್ಲಿ ತೀರ್ಮಾನದ ರೂಪ ಬೇರೆ. ಅಲ್ಲಿ ಆಡಲು 120ಕ್ಕೂ ಹೆಚ್ಚು ಪಾತ್ರಗಳು, ಅಂದರೆ ಹೀರೋಗಳಿದ್ದಾರೆ. ಎಲ್ಲರನ್ನೂ ಆಡಲು ಹೊರಟವನಿಗೆ ಪ್ರತಿ ಪಂದ್ಯವೂ ಹೊಸ ಪರೀಕ್ಷೆ. ಒಂದು ಸ್ಥಾನ, ಮೂರು ಹೀರೋ ಎಂದು ಕಟ್ಟಿಕೊಂಡವನಿಗೆ ಬೆರಳುಗಳ ಕೆಲಸ ತಾನಾಗಿ ನಡೆದು ಕಣ್ಣು ನಕಾಶೆಯ ಮೇಲಿರುತ್ತದೆ. ಕೆಳಗಿನ ಮಟ್ಟದ ಪಂದ್ಯಗಳಲ್ಲಿ ಮತ್ತೆ ಮತ್ತೆ ಕಾಣುವ ದೃಶ್ಯ: ದೊಡ್ಡ ಕಾದಾಟ ಗೆದ್ದ ತಂಡ ಎದುರಿನ ಗೋಪುರ ಬೀಳಿಸದೆ, ರೋಶನ್ ಎಂಬ ದೈತ್ಯನನ್ನು ಹೊಡೆಯದೆ, ಮತ್ತೆ ಕಾಡಿಗೆ ಚಿನ್ನ ಗಳಿಸಲು ಚದುರಿಹೋಗುತ್ತದೆ. ಎದುರಾಳಿಗಳು ಅಷ್ಟರಲ್ಲಿ ಜೀವ ತಾಳಿ ಬಂದಿರುತ್ತಾರೆ. ಆಡಿದ ಪಂದ್ಯವನ್ನು ಮತ್ತೆ ಇಳಿಸಿಕೊಂಡು, ಎದುರಾಳಿಯ ಕಣ್ಣಿನಿಂದಲೂ ನೋಡುವ ಅನುಕೂಲ ಡೋಟಾದಲ್ಲಿದೆ. ಪೂರ್ತಿ ನೋಡಬೇಕಿಲ್ಲ. ಪ್ರತಿ ಸಾವಿಗೆ ಹತ್ತು ಸೆಕೆಂಡು ಹಿಂದೆ ಹೋಗಿ, ‘ಆಗ ನನಗೆ ಯಾರ‍್ಯಾರು ಕಾಣುತ್ತಿರಲಿಲ್ಲ?’ ಎಂದು ಕೇಳಿಕೊಂಡರೆ ಸಾಕು. ಸೋತ ಪಂದ್ಯ ನೋಡಲು ಮನಸ್ಸು ಬಾರದು. ಆದರೆ ಇನ್ನೂ ಹತ್ತು ಪಂದ್ಯ ಆಡಿದರೂ ಸಿಗದ ಪಾಠ ಅಲ್ಲಿ ಹದಿನೈದು ನಿಮಿಷದಲ್ಲಿ ಸಿಗುತ್ತದೆ.

ಯಂತ್ರಕ್ಕೆ ಕಲಿಸಿದ ಕ್ರಮ

ತನ್ನ ಆಟ ಮೊದಲೋ ತಂಡ ಮೊದಲೋ ಎಂಬ ಪ್ರಶ್ನೆಗೆ ನಾನು ಕಂಡ ಅತ್ಯಂತ ಸ್ಪಷ್ಟ ಉತ್ತರ ಬಂದದ್ದು ಯಂತ್ರದಿಂದ. ‘ಓಪನ್‌ಎಐ ಫೈವ್’ ಎಂಬ ಐದು ಕೃತಕ ಆಟಗಾರರ ತಂಡ 2019ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಗಿನ ವಿಶ್ವ ಚಾಂಪಿಯನ್ ತಂಡ ಓಜಿಯನ್ನು ಡೋಟಾದಲ್ಲಿ 2-0 ಅಂತರದಿಂದ ಸೋಲಿಸಿತು. 17 ಹೀರೋಗಳಿಗೆ ಸೀಮಿತಗೊಳಿಸಿದ ಆಟ ಅದು. ತರಬೇತಿಯಲ್ಲಿ ವಿಜ್ಞಾನಿಗಳು ‘ಟೀಮ್ ಸ್ಪಿರಿಟ್’ ಎಂಬ ಒಂದು ಅಳತೆ ಇಟ್ಟಿದ್ದರು. ಅದು ಸೊನ್ನೆಯಾದರೆ ಪ್ರತಿ ಹೀರೋಗೂ ತಾನು ಮಾಡಿದ ಕೆಲಸದ ಪ್ರತಿಫಲ ಮಾತ್ರ. ಒಂದಾದರೆ ಐವರ ಫಲವನ್ನು ಕೂಡಿಸಿ ಸಮನಾಗಿ ಹಂಚಿಕೆ. ಶುರುವಿನಲ್ಲಿ ಇದನ್ನು ಕಡಿಮೆ ಇಟ್ಟು ಮೆಲ್ಲಗೆ ಒಂದರತ್ತ ಏರಿಸಿದರು. ಮೊದಲೇ ಎಲ್ಲವನ್ನೂ ಹಂಚಿದರೆ ಯಾವ ಫಲ ತನ್ನ ಯಾವ ಕೆಲಸದಿಂದ ಬಂತೆಂದು ಕಲಿಯುವವನಿಗೆ ತಿಳಿಯುವುದೇ ಇಲ್ಲ. ಕೈಚಳಕ ಕೂತ ಮೇಲೆ ಮಾತ್ರ ತಂಡಕ್ಕಾಗಿ ಬಿಟ್ಟುಕೊಡುವುದಕ್ಕೆ ಅರ್ಥ ಬರುತ್ತದೆ.

ಮನುಷ್ಯ ಆಟಗಾರರಿಗೂ ಈ ಕ್ರಮ ಒಪ್ಪುತ್ತದೆ ಎಂದು ನನ್ನ ನಂಬಿಕೆ. ತಳದ ಮೆಟ್ಟಿಲುಗಳಲ್ಲಿರುವವನಿಗೆ ‘ತಂಡವಾಗಿ ಆಡು’ ಎನ್ನುವುದರಿಂದ ಪ್ರಯೋಜನ ಕಡಿಮೆ. ಅವನು ಮೊದಲು ಕಡಿಮೆ ಸಾಯಲು, ಡೋಟಾದ ಒಂದು ಹೀರೋ ಇಲ್ಲವೇ ವ್ಯಾಲರಂಟ್‌ನ ಒಬ್ಬ ಏಜೆಂಟ್‌ನ ಕೆಲಸ ಚೆನ್ನಾಗಿ ಮಾಡಲು ಕಲಿಯಲಿ. ನಡುವಿನ ಮೆಟ್ಟಿಲುಗಳಲ್ಲಿ ಸಿಕ್ಕಿಕೊಂಡವರದು ಬೇರೆ ಕಾಯಿಲೆ: ಕೈ ಚುರುಕಾಗಿದೆ, ಅಂಕಪಟ್ಟಿಯಲ್ಲಿ ಹೆಸರು ಮೇಲಿದೆ, ಪಂದ್ಯ ಸೋತಿದೆ. ಅವರು ಹೊಗೆ ಹಾಕುವ ಕಂಟ್ರೋಲರ್, ಮಾಹಿತಿ ತರುವ ಇನಿಶಿಯೇಟರ್ ಆಡಿ ನೋಡಬೇಕು. ಎಲ್ಲರಿಗೂ ಮುನ್ನುಗ್ಗಿ ಹೊಡೆಯುವ ಡ್ಯುಯಲಿಸ್ಟ್ ಬೇಕೆನ್ನುವ ಪಂದ್ಯದಲ್ಲಿ ಖಾಲಿ ಉಳಿದ ಕೆಲಸ ಹೊತ್ತುಕೊಳ್ಳುವವನು ತಂಡದ ಬಲವನ್ನು ಕೂತಲ್ಲೇ ಹೆಚ್ಚಿಸುತ್ತಾನೆ.

ಮಾತೂ ಇಂಥದೇ ಒಂದು ಕೌಶಲ. ಮುಂಬೈ ಸರ್ವರ್‌ನಲ್ಲಿ ಬೆಂಗಳೂರಿನವನಿಗೆ ಕೊಚ್ಚಿಯವನೂ ಲಖನೌದವನೂ ಜೊತೆಯಾಗುತ್ತಾರೆ. ಭಾಷೆ ಅರ್ಧಂಬರ್ಧ ಹಿಂದಿ, ಅರ್ಧಂಬರ್ಧ ಇಂಗ್ಲಿಷ್. ಅಲ್ಲಿ ನಡೆಯುವುದು ಚಿಕ್ಕ ಮಾತು: ಎಲ್ಲಿ, ಎಷ್ಟು ಜನ, ಎಷ್ಟು ಏಟು ತಿಂದಿದ್ದಾನೆ. ಸತ್ತ ಮೇಲೆ ಈ ಮೂರನ್ನು ಹೇಳಿ ಸುಮ್ಮನಾಗುವವನು ಬದುಕಿರುವವನ ಕಿವಿಗೆ ಹೆಜ್ಜೆ ಸಪ್ಪಳ ಕೇಳಲು ಬಿಡುತ್ತಾನೆ. ಬೈಗುಳಕ್ಕೆ ಬೆಲೆಯೂ ಇದೆ. ಡೋಟಾದಲ್ಲಿ ನಡವಳಿಕೆಗೆ 12,000ದವರೆಗಿನ ಪ್ರತ್ಯೇಕ ಅಂಕವಿದೆ. ಅದು ಇಳಿದವರನ್ನು ಅಂಥವರ ಜೊತೆಗೇ ಜೋಡಿಸಲಾಗುತ್ತದೆ. ತನಗೆ ಕೆಟ್ಟ ಜೊತೆಗಾರರೇ ಸಿಗುತ್ತಾರೆಂದು ಕೂಗಾಡುವವನು ಕೂಗಾಡಿಯೇ ಅವರನ್ನು ಗಳಿಸಿಕೊಂಡಿರುವುದೂ ಉಂಟು. ಹುಡುಗಿಯರ ವಿಷಯ ಇನ್ನೂ ಬೇಸರದ್ದು. ದನಿ ಕೇಳಿದೊಡನೆ ಶುರುವಾಗುವ ಕೀಟಲೆಗೆ ಹೆದರಿ ಎಷ್ಟೋ ಮಂದಿ ಮೈಕ್ ಮುಚ್ಚಿಟ್ಟೇ ಆಡುತ್ತಾರೆ. ಮಾಹಿತಿಯೇ ಅರ್ಧ ಬಲವಾದ ಆಟದಲ್ಲಿ ಇದು ಅವರ ರ‍್ಯಾಂಕ್‌ಗೆ ಮಾಡುವ ನೇರ ಅನ್ಯಾಯ. ಆ ತಂಡದ ಉಳಿದ ನಾಲ್ವರಲ್ಲಿ ಒಬ್ಬ ‘ಬಿಡಪ್ಪ, ಆಟ ನೋಡು’ ಎಂದರೂ ಪರಿಸ್ಥಿತಿ ಬದಲಾಗುತ್ತದೆ. ಆ ಒಬ್ಬ ನೀವಾಗಬೇಕು.

ನಮ್ಮ ಊರುಗಳಲ್ಲಿ ಹೆಚ್ಚಿನವರು ಆಡುವುದು ಕಂಪ್ಯೂಟರ್‌ನಲ್ಲಲ್ಲ, ಫೋನ್‌ನಲ್ಲಿ. ಬೆಂಗಳೂರಿನಲ್ಲಿ ಭಾರತದ ಕಚೇರಿ ಇರುವ ಕ್ರಾಫ್ಟನ್‌ನ ಬಿಜಿಎಂಐನಲ್ಲಿ ‘ರ‍್ಯಾಂಕ್ ಪುಶ್’ ಎಂಬುದು ಮನೆಮಾತು. ಪಬ್‌ಜಿ ಮೊಬೈಲ್ ಅನ್ನು 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿದ ಮೇಲೆ 2021ರ ಜುಲೈನಲ್ಲಿ ಬಂದ ಆಟ ಇದು. 2022ರ ಜುಲೈನಲ್ಲಿ ಆ್ಯಪ್ ಅಂಗಡಿಗಳಿಂದ ಮರೆಯಾಗಿ, 2023ರ ಮೇನಲ್ಲಿ ಮರಳಿತು. ಇಲ್ಲಿನ ರ‍್ಯಾಂಕ್ ಅಳೆಯುವುದೇ ಬೇರೆಯದನ್ನು. ನೂರು ಜನ ಇಳಿಯುವ ದ್ವೀಪದಲ್ಲಿ ನಾಲ್ವರ ತಂಡ ಎಷ್ಟು ಹೊತ್ತು ಉಳಿಯಿತು ಎಂಬುದಕ್ಕೆ ದೊಡ್ಡ ಪಾಲು ಅಂಕ. ಹೀಗಾಗಿ ಹುಲ್ಲಿನಲ್ಲಿ ಅಡಗಿ ಕೂತು ಮೇಲಿನ ಮೆಟ್ಟಿಲಾದ ಏಸ್‌ವರೆಗೆ ಏರಿದವರೂ ಇದ್ದಾರೆ. ತುದಿಯ ‘ಕಾಂಕರರ್’ ಪಟ್ಟ ಮೊದಲ 500 ಮಂದಿಗೆ ಮಾತ್ರ. ಅದನ್ನು ಉಳಿಸಿಕೊಳ್ಳಲು ಕೌಶಲದಷ್ಟೇ ಬಿಡುವೂ ಬೇಕು. ಪದವಿ ಪರೀಕ್ಷೆ ಎದುರಿಗಿಟ್ಟುಕೊಂಡು ಆ ಪಟ್ಟಕ್ಕೆ ಬೆನ್ನು ಹತ್ತುವುದು ಸರಿಯಲ್ಲ ಎಂದು ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಮನೆಯವರಿಗೆ ಎರಡು ವಿಷಯ ತಿಳಿದಿದ್ದರೆ ಜಗಳ ಅರ್ಧ ಕಡಿಮೆಯಾದೀತು. ಒಂದು, ರ‍್ಯಾಂಕ್ ಪಂದ್ಯವನ್ನು ನಡುವೆ ನಿಲ್ಲಿಸಿಟ್ಟು ಊಟ ಮುಗಿಸಿ ಬರಲು ಆಗದು. ಎದ್ದರೆ ನಾಲ್ವರ ಆಟವೂ ಕೆಡುತ್ತದೆ, ಎದ್ದವನಿಗೆ ದಂಡವೂ ಬೀಳುತ್ತದೆ. ಊಟದ ಹೊತ್ತು ಮೊದಲೇ ಗೊತ್ತಿದ್ದು, ಅದಕ್ಕೆ ಮುಕ್ಕಾಲು ಗಂಟೆಯಷ್ಟೇ ಉಳಿದಿರುವಾಗ ಹೊಸ ಪಂದ್ಯ ಶುರು ಮಾಡದಿರುವುದು ಆಡುವವನ ಹೊಣೆ. ಎರಡು, ಇದು ದುಡ್ಡು ಕಟ್ಟಿ ಆಡುವ ರಮ್ಮಿಯಂಥದ್ದಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯೂ ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ಗುರುತಿಸಿದೆ. ಆದರೂ ದುಡ್ಡು ಇಲ್ಲಿ ಹಿಂಬಾಗಿಲಿನಿಂದ ಬರುತ್ತದೆ. ‘ಬೂಸ್ಟಿಂಗ್’ ಎಂದು ಖಾತೆಯನ್ನೇ ಬೇರೆಯವರ ಕೈಗಿಟ್ಟು ರ‍್ಯಾಂಕ್ ಏರಿಸಿಕೊಳ್ಳುವವರಿದ್ದಾರೆ. ಅದು ಆಟದ ನಿಯಮಕ್ಕೆ ವಿರುದ್ಧ; ಖಾತೆ ಕಳೆದುಕೊಳ್ಳುವ ಭಯ ಒಂದು ಕಡೆ, ಏರಿಸಿಕೊಂಡ ಮೇಲೆ ಸಿಗುವ ಎದುರಾಳಿಗಳ ಮುಂದೆ ದಿನವೂ ಸೋಲುವುದು ಇನ್ನೊಂದು ಕಡೆ. ಆ ದುಡ್ಡಿನಲ್ಲಿ ರೌಟರ್‌ಗೊಂದು ಪುಟ್ಟ ಯುಪಿಎಸ್, ವೈಫೈ ಬದಲು ಒಂದು ಕೇಬಲ್ ತಂದರೆ ಕರೆಂಟ್ ಹೋದಾಗ ಕಳೆಯುವ ಅಂಕಗಳು ಉಳಿದಾವು.

ರ‍್ಯಾಂಕ್‌ನಾಚೆಯ ಕನಸೂ ಕೆಲವರಿಗಿದೆ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಇ-ಸ್ಪೋರ್ಟ್ಸ್ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಡೋಟಾ ತಂಡ ಕಂಚು ಗೆದ್ದಿತು. ಆ ಮಟ್ಟದ ಕನಸಿರುವವರು ನೆನಪಿಡಬೇಕಾದದ್ದು ಓಜಿ ತಂಡದ ಕಥೆ. 2018ರ ಮೇನಲ್ಲಿ, ವಿಶ್ವ ಪಂದ್ಯಾವಳಿ ‘ದಿ ಇಂಟರ್‌ನ್ಯಾಷನಲ್’ಗೆ ಮೂರು ತಿಂಗಳಿರುವಾಗ, ತಂಡದ ಇಬ್ಬರು ಮುಖ್ಯ ಆಟಗಾರರು ಬೇರೆ ತಂಡ ಸೇರಿದರು. ನಾಯಕ ಯೋಹಾನ್ ಸುಂಡ್‌ಸ್ಟೈನ್ ಉಳಿದವರನ್ನು ಕಟ್ಟಿಕೊಂಡರು. ತರಬೇತುದಾರ ಸೆಬಾಸ್ಟಿಯನ್ ಡೆಬ್ಸ್ ತಾವೇ ಆಟಕ್ಕಿಳಿದರು. ನಡುವಿನ ಸ್ಥಾನಕ್ಕೆ ಕರೆದದ್ದು ಫಿನ್‌ಲೆಂಡಿನ ತೋಪಿಯಾಸ್ ತಾವಿತ್ಸಾಯ್ನೆನ್ ಎಂಬ ಹುಡುಗನನ್ನು. ‘ಟಾಪ್ಸನ್’ ಎಂಬ ಹೆಸರಿನಲ್ಲಿ ಸೋಲೋ ಕ್ಯೂನಲ್ಲಿ ಮೇಲಿನ ರ‍್ಯಾಂಕ್‌ನಿಂದ ಗುರುತಾಗಿದ್ದ ಅವನಿಗೆ ದೊಡ್ಡ ವೇದಿಕೆಯ ಅನುಭವ ಇರಲಿಲ್ಲ. ಎಲ್ಲರಿಗೂ ತೆರೆದ ಅರ್ಹತಾ ಸುತ್ತಿನಿಂದ ಆಡಿ ಬಂದ ಆ ತಂಡ ಆಗಸ್ಟ್‌ನಲ್ಲಿ ವ್ಯಾಂಕೂವರ್‌ನಲ್ಲಿ ಫೈನಲ್ ಅನ್ನು 3-2ರಿಂದ ಗೆದ್ದಿತು. ಮರುವರ್ಷ ಯಂತ್ರದ ಎದುರು ಸೋತ ನಾಲ್ಕು ತಿಂಗಳಿಗೆ ಅದೇ ಐವರು ಶಾಂಘೈನಲ್ಲಿ ಮತ್ತೆ ಗೆದ್ದು, ಆ ಪ್ರಶಸ್ತಿಯನ್ನು ಎರಡು ಸಲ ಪಡೆದ ಮೊದಲ ತಂಡವಾದರು. ರ‍್ಯಾಂಕ್ ಟಾಪ್ಸನ್‌ಗೆ ಕೊಟ್ಟದ್ದು ಕರೆ ಬರುವಷ್ಟು ಹೆಸರನ್ನು. ಅಲ್ಲಿಂದ ಮುಂದಿನದು ತನ್ನ ವಿಚಿತ್ರ ಆಟಕ್ಕೆ ಜಾಗ ಮಾಡಿಕೊಟ್ಟ ನಾಲ್ವರ ಜೊತೆ ತಿಂಗಳುಗಟ್ಟಲೆ ಕೂತು ಆಡಿದ್ದು.